ಸುರಪುರದಿಂದ ಅಂಡಮಾನಿಗೆ, ಅದೂ ಮಳಿಗಾಲದಾಗ

ನನ್ನ ಬಾಯಿಂದ ಒಂದು ಸಣ್ಣ ಮಾತು ಜಾರೋದು, ಅದು ಸುರಪುರದ ಗುಡ್ಡ ಹತ್ತಿ ಇಳದು ಹೊಳ್ಳಿ ಮನಿಗೆ ಬರೂದ್ರಾಗ ಗುರುತು ಸಿಗದಂಗ ಬೆಳದಿರೋದು, ಇದು ಇವತ್ತು ನಿನ್ನೆ ಶುರುವಾದದ್ದಲ್ಲ. ಒಮ್ಮೆ ಹಲ್ಲು ನೋಯಾಕತ್ತದ ಅಂದಿದ್ದೆ. ಸಂಜಿಗೆ ಮೂರು ಮಂದಿ ಬಾಳೆಹಣ್ಣು ಹಿಡ್ಕೊಂಡು ದವಾಖಾನಿ ತುಂಬಾ ನನ್ನ ಹುಡುಕ್ಯಾಡಿ ಬಂದಿದ್ರು. ಆದ್ರ ಅಂಡಮಾನದ ಫಜೀತಿ ಮುಂದ ಅದು ಲೆಕ್ಕಕ್ಕಿಲ್ಲ.

ಮೊದ್ಲ ಒಂದು ಗುಟ್ಟು ಹೇಳಿಬಿಡ್ತೀನಿ. ನಾನು ಕಾಲುವಿ ಕಚೇರ್ಯಾಗ ಗುಮಾಸ್ತ. ನಮ್ಮ ಕಡಿಗೆ ಕೃಷ್ಣಾ ನೀರು ಬಂದಾಗಿಂದ ನನ್ನ ಅನ್ನ ನಡದದ್ದು ಆ ನೀರಿನ ಮ್ಯಾಲನ. ಯಾವ ತೂಬಿಗೆ ಎಷ್ಟು ನೀರು ಅಂತ ನಿದ್ದಿಗಣ್ಣಾಗ ಕೇಳಿದ್ರೂ ಹೇಳ್ತೀನಿ. ಆದ್ರ ನನಗ ನೀರು ಕಂಡ್ರ ಅಂಜಿಕಿ. ಕಚೇರಿಯವ್ರೆಲ್ಲಾ ಬೋನಾಳ ಕೆರಿಗೆ ಹಕ್ಕಿ ನೋಡಾಕ ಹೋದಾಗ, ಅವ್ರು ನೀರಿನ ದಂಡಿಗೆ ಇಳದ್ರ ನಾನು ಎಲ್ಲಾರ ಚಪ್ಪಲಿ ಕಾಯ್ಕೋತ ಏರಿ ಮ್ಯಾಲ ಕುಂತಿದ್ದೆ. ಇಂಥಾವ ಸಮುದ್ರದ ನಡುವಿನ ದ್ವೀಪಕ್ಕ ಹೊಂಟದ್ದು ಹ್ಯಾಂಗಂತ ಕೇಳ್ರಿ.

೧. ಬಾಯಿ ಜಾರಿದ್ದು

ನಮ್ಮ ಓಣ್ಯಾಗ, ಕಡೀ ಮನಿಯಾಗ, ನಮ್ಮ ಕಚೇರಿಯ ಇನ್ನೊಬ್ಬ ಗುಮಾಸ್ತ ಇದ್ದಾನ. ಆ ಬ್ಯಾಸಿಗ್ಯಾಗ ಗೋವಾಕ್ಕ ಹೋಗಿ ಬಂದಿದ್ದ. ಬಂದು ಹದಿನೈದು ದಿನಾದ್ರೂ ಅವನ ಗೋವಾ ಮುಗೀವಲ್ದು. ಚಾ ಕುಡಿಯಾಕ ಕುಂತ್ರ ಸಮುದ್ರ, ಫೈಲ್ ಹುಡುಕಾಕ ನಿಂತ್ರ ಸಮುದ್ರ. ಒಂದು ದಿನ ನನಗ ತಲಿ ಕೆಟ್ಟು ಹೋತು. ಗೋವಾ ಏನು ಮಹಾ, ಮಳಿಗಾಲಕ್ಕ ನಾವು ಗಂಡ ಹೆಂಡ್ತಿ ಅಂಡಮಾನಿಗೇ ಹೊಂಟೀವಿ ಅಂದುಬಿಟ್ಟೆ. ಹಿಂದಿನ ದಿನಾನ ನನ್ನ ಹೆಂಡ್ತಿ ಕ್ಯಾಲೆಂಡರಿನಾಗ ಅಂಡಮಾನದ ಚಿತ್ರ ನೋಡಿ, ಇಂಥಾ ಕಡೆ ತಂಪಗ ಕುಂಡ್ರಬೇಕು ನೋಡ್ರಿ ಅಂದಿದ್ಳು. ಬಿಸಲಿಗೆ ಬೇಸತ್ತು ಅಂದ ಮಾತು ಅದು. ನನ್ನ ತಲಿಯಾಗಿತ್ತು, ಬಾಯಿಗೆ ಬಂತು.

ಅವನ ಬಾಯಿ ಮುಚ್ಚಿತು. ನಾನು ಗೆದ್ದ ಪೈಲ್ವಾನನಂಗ ಮನಿಗೆ ಬಂದೆ. ಸುದ್ದಿ ನನಗಿಂತ ಮೊದ್ಲ ಬಂದು ಕುಂತಿತ್ತು. ನನ್ನ ಹೆಂಡ್ತಿ ಸಾಲ್ಯಾಗ ಟೀಚರ್, ಮನಿಯಾಗೂ ಟೀಚರ್. ಇವತ್ತು ನನ್ನ ಪಾಠ ಅದ ಅಂತ ತಲಿ ಬಗ್ಗಿಸಿ ನಿಂತೆ. ಬೈಲಿಲ್ಲ. ಕಣ್ಣಾಗ ನೀರು ತಂದು ನನ್ನ ಮಾರಿ ನೋಡಿದ್ಳು.

"ಮೂವತ್ತು ವರ್ಷಕ್ಕ ಮೊದಲ ಸಲ, ನನ್ನ ಎಲ್ಲಿಗ್ಯಾರ ಕರ್ಕೊಂಡು ಹೋಗಬೇಕು ಅಂತ ಅನಸ್ತಲ್ಲರಿ ನಿಮಗ."

ಇಂಥಾ ಮಾತು ಕೇಳಿದ ಮ್ಯಾಲ ಅದು ಸುಳ್ಳಂತ ಯಾವ ಗಂಡಸು ಹೇಳ್ತಾನ. ಗೋವಾದವನ ಬಾಯಿ ಮುಚ್ಚಸಾಕ ಹೋಗಿ ನನ್ನ ಬಾಯಿಗೇ ಬೀಗ ಬಿತ್ತು.

೨. ಏಜೆಂಟನ ಕಂಡದ್ದು

ಮಳಿಗಾಲದಾಗ ಅಲ್ಲಿಗೆ ಯಾರೂ ಕರ್ಕೊಂಡು ಹೋಗಂಗಿಲ್ಲ ಅಂತ ಟೂರ್ ಏಜೆಂಟ ಹೇಳಿದ್ರ ಸಾಕು, ಪಾರಾದೆ. ಈ ಆಸೆ ಇಟ್ಕೊಂಡು ಇಬ್ಬರೂ ಯಾದಗಿರಿಗೆ ಹೋದ್ವಿ. ಏಜೆಂಟ ನಮ್ಮನ್ನ ನೋಡಿ ಎದ್ದು ನಿಂತ. ಮಳಿಗಾಲ ಅಂದ್ರ ಆಫ್ ಸೀಜನ್ ರಿ, ಅದಕ್ಕಿಂತ ಚಲೋ ಹೊತ್ತು ಇಲ್ಲ, ಗದ್ದಲಿಲ್ಲ, ದ್ವೀಪ ತುಂಬಾ ನೀವಾ ರಾಜಾ, ಅಕ್ಕಾರು ರಾಣಿ ಅಂದ.

ಮಂದಿ ಯಾಕ ಬರಂಗಿಲ್ಲ ಅಂತ ಕೇಳಿದೆ. ಅದೇನಿಲ್ಲರಿ, ಸ್ವಲ್ಪ ಮಳಿ, ಸ್ವಲ್ಪ ಗಾಳಿ, ಒಮ್ಮೊಮ್ಮೆ ದೋಣಿ ಅತ್ಲಾಗ ಇತ್ಲಾಗ ಅಳ್ಳಾಡ್ತದ ಅಂತ ಕೈಯಿಂದ ಮಾಡಿ ತೋರಿಸಿದ. ಅವನ ಕೈ ಅಳ್ಳಾಡಿದ್ದು ನೋಡಿ ನಾನು ಅವನ ಟೇಬಲ್ ಗಟ್ಟಿ ಹಿಡಕೊಂಡೆ. ಹೆಂಡ್ತಿ ಕಡಿ ನೋಡಿದೆ. ಅಕಿ ಗೋಡಿ ಮ್ಯಾಲಿನ ವಿಮಾನದ ಚಿತ್ರ ನೋಡ್ಕೋತ ಸೆರಗು ಬಿಗಿ ಹಿಡಕೊಂಡು ಕುಂತಿದ್ಳು. ಎಷ್ಟು ಆಸೆ ಪಾಪ ಅಂತ ತಿಳ್ಕೊಂಡೆ. ಹೆಸರು ಬರಸಿದೆ.

ಹೊಳ್ಳಿ ಬರಾಗ ಬಸ್ಸಿನಾಗ ಕುಂತು ವಿಚಾರ ಮಾಡಿದೆ. ನಮ್ಮ ಕಾಲುವಿಗೂ ಆಫ್ ಸೀಜನ್ ಇರ್ತದ. ಬ್ಯಾಸಿಗ್ಯಾಗ ನೀರು ಬಂದ್ ಮಾಡಿ ಹೂಳು ತಗಸ್ತೀವಿ. ಆಗ ಅದನ್ನ ನೋಡಾಕ ಬರೋವು ಎಮ್ಮಿ ಮಾತ್ರ.

೩. ಸಾಹೇಬರ ಉಪಕಾರ

ಇನ್ನ ಉಳದ ದಾರಿ ರಜಾ. ಮಳಿಗಾಲದಾಗ ಕಾಲುವಿಗೆ ನೀರು ಬಿಡ್ತಾರ. ಆ ಹೊತ್ತಿನಾಗ ನಮ್ಮ ಕಚೇರಿಯವ್ರಿಗೆ ಸ್ವಂತ ಮದುವಿ ಇದ್ರೂ ರಜಾ ಸಿಗಂಗಿಲ್ಲ. ಅದಕ್ಕ ಅರ್ಜಿಯಾಗ ಬೇಕಂತಲೇ ದಪ್ಪ ಅಕ್ಷರದಾಗ, ನೀರು ಬಿಡುವ ವಾರದಲ್ಲಿಯೇ ಎಂಟು ದಿನ ರಜಾ ಬೇಕು, ಕಾರಣ ವಿಹಾರ ಅಂತ ಬರದೆ. ಸಾಹೇಬರು ಅರ್ಜಿ ಹರದು ಮಾರಿಗೆ ಒಗೀತಾರ, ಆ ಚೂರು ತಂದು ಹೆಂಡ್ತಿಗೆ ತೋರಸ್ತೀನಿ ಅನ್ನೋದು ನನ್ನ ಹಂಚಿಕಿ.

ಸಾಹೇಬರು ಓದಿದ್ರು. ಕನ್ನಡಕ ತಗದ್ರು. ಮತ್ತ ಓದಿದ್ರು. ಆಮ್ಯಾಲ ಸಹಿ ಮಾಡಿಬಿಟ್ರು.

"ಸಾಹೇಬ್ರ, ನೀರು ಬಿಡೋ ಹೊತ್ತು ಅದು" ಅಂತ ನಾನಾ ನೆನಪು ಮಾಡಿದೆ.

"ಅದಕ್ಕಾ ಮಾಡೀನಿ. ಕಾಲುವಿ ಕಡೀ ಹಳ್ಳಿಯವ್ರು ನೀರು ಬಂದಿಲ್ಲಂತ ಬಂದು ನಿಂತ್ರ, ಗುಮಾಸ್ತ ಊರಾಗಿಲ್ಲ, ಅವ ಬಂದ ಮ್ಯಾಲ ನೋಡೂಣು ಅಂತ ಹೇಳಾಕ ಬರ್ತದ. ಎಂಟು ದಿನ ಸಾಲಂಗಿಲ್ಲ, ಹದಿನೈದು ಬರೀರಿ."

೪. ಅವ್ವ ತಿಳ್ಕೊಂಡದ್ದು

ನನ್ನ ಅವ್ವಗ ಎಂಬತ್ತು ದಾಟ್ಯಾವ. ಅಂಡಮಾನ್ ಅಂದ್ರ ಎಲ್ಲಿ ಅಂತ ಅಕಿ ಬಾಜೂ ಮನಿಯ ರಿಟೈರ್ಡ್ ಮಾಸ್ತರನ್ನ ಕೇಳ್ಯಾಳ. ಅವ್ರು ಇತಿಹಾಸದ ಮಾಸ್ತರು. ಹಿಂದಿನ ಕಾಲದಾಗ ಖೂನಿ ಮಾಡಿದವ್ರನ್ನ, ಸರಕಾರಕ್ಕ ತಿರುಗಿ ಬಿದ್ದವ್ರನ್ನ ಕಾಳಾಪಾನಿಗೆ ಕಳಸ್ತಿದ್ರಲ್ಲವ್ವಾ, ಅದಾ ಊರು ಅಂತ ಕಾಳಜಿಲೆ ತಿಳಿಸಿ ಹೇಳ್ಯಾರ. ಅಲ್ಲಿಗೆ ಹೋದವ್ರು ಹೊಳ್ಳಿ ಬರತಿದ್ದಿಲ್ಲ ಅನ್ನೋದನ್ನೂ ಬಿಟ್ಟಿಲ್ಲ.

ನಾನು ಕಚೇರಿಯಿಂದ ಬಂದ್ರ ಮನಿ ತುಂಬಾ ಮಂದಿ. ಗಂಡಸ್ರು ಗೋಡಿಗೆ ಆತು ಕುಂತಾರ, ಹೆಣಮಕ್ಕಳು ಅವ್ವನ ಬೆನ್ನು ತಿಕ್ಕಾಕತ್ಯಾರ. ಒಬ್ಬರು ನನ್ನ ಬಾಜೂಕ್ಕ ಕರದು, ಶಹಾಪುರದಾಗ ಒಬ್ಬ ಚಲೋ ವಕೀಲ ಇದ್ದಾನ, ಅಂಜಬ್ಯಾಡ ಅಂತ ಕಿವ್ಯಾಗ ಹೇಳಿದ್ರು. ಅವ್ವ ನನ್ನ ಕೈ ಹಿಡಕೊಂಡು, ಕಚೇರ್ಯಾಗ ಏನು ತಪ್ಪು ಮಾಡಿದ್ಯೋ ತಮ್ಮಾ, ನನ್ನ ಮುಂದ ಒಬ್ಬಾಕಿ ಮುಂದ ಹೇಳಿಬಿಡು ಅಂತ ಅಳಾಕತ್ತಿದ್ಳು.

ಇದು ತಿರುಗಾಡಾಕ ಹೋಗೋದು, ಗಂಡ ಹೆಂಡ್ತಿ ಇಬ್ಬರೂ ಖುಷೀಲೆ ಹೊಂಟೀವಿ ಅಂತ ತಾಸುಗಟ್ಲೆ ಹೇಳಿದೆ. ಅವ್ವ ಕಣ್ಣು ಒರಸಿಕೊಂಡು ಸೊಸಿ ಕಡಿ ನೋಡಿದ್ಳು.

"ನಿನ್ನದೇನರ ತಪ್ಪು ಇದ್ದೀತು. ಆ ಬಡವಿ ಏನು ಮಾಡ್ಯಾಳಂತ ಅಕಿನ್ನೂ ಅಲ್ಲಿಗೆ ಹಾಕ್ತಾರ?"

೫. ಆಯೇರಿ

ಹೊಂಡಾಕ ಐದು ದಿನ ಇದ್ದಾಗ ಶಹಾಪುರದಿಂದ ಹೆಂಡ್ತಿಯ ಅಣ್ಣ ಬಂದ. ಕಾಶಿಗೆ ಹೊಂಟವ್ರಿಗೆ ಮಾಡಿದಂಗ ನನಗ ಧೋತರ, ತಂಗಿಗೆ ಸೀರಿ ಆಯೇರಿ ಮಾಡಿ, ಇಬ್ಬರ ಕೊಳ್ಳಾಗೂ ಹೂವಿನ ಮಾಲಿ ಹಾಕಿದ. ಅಲ್ಲಿ ಜೋಳ ಬೆಳಿಯಂಗಿಲ್ಲಂತ ಅಂದು, ನೂರು ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಸಿಕೊಂಡು ಬಂದಿದ್ದ. ಓಣಿಯವ್ರು ಬಂದು ಬಂದು ಕಾಲು ಬಿದ್ರು. ಮಾಸ್ತರ ಮನಿಯವ್ರು ಸಮುದ್ರದ ನೀರು ತರ್ರಿ ಅಂತ ಖಾಲಿ ಬಾಟ್ಲಿ ಕೊಟ್ರು.

ಆಯೇರಿ ಉಟ್ಟ ಮ್ಯಾಲ ಹೋಗಲಾರದ ಉಳದ್ರ ನಮ್ಮ ಕಡಿ ಮಾನ ಉಳಿಯಂಗಿಲ್ಲ. ಹೋದ್ರ ನಾನಾ ಉಳಿಯಂಗಿಲ್ಲ. ಅವತ್ತು ಹೊಸಾ ಧೋತರ ಉಟ್ಕೊಂಡು ಫೋಟೊ ತಗಸಿದ್ವಿ. ಅದ್ರಾಗ ಎಲ್ಲಾರೂ ನಗಾಕತ್ಯಾರ, ನಮ್ಮಿಬ್ಬರ ಮಾರಿ ನೋಡಿದ್ರ ಅವ್ವ ಹೇಳಿದ್ದಾ ಖರೇ ಅನಸ್ತದ.

೬. ಅಬ್ಬೆತುಮಕೂರಿನಾಗ

ಮನಷ್ಯಾರ ಕೈಯಿಂದ ಆಗಲಾರದ್ದು ದೇವರ ಕೈಯಿಂದಾ ಆಗಬೇಕು. ಯಾದಗಿರಿಗೆ ಹೋಗಿ ಟಿಕೆಟ್ ತರ್ತೀನಂತ ಹೆಂಡ್ತಿಗೆ ಸುಳ್ಳು ಹೇಳಿ, ಯಾದಗಿರಿ ಬಾಜೂಕಿನ ಅಬ್ಬೆತುಮಕೂರ ಮಠಕ್ಕ ಹೋದೆ. ಅಕಿಗೂ ಅವತ್ತ ಯಾದಗಿರ್ಯಾಗ ಟ್ರೇನಿಂಗ್ ಅಂತ, ನನಗಿಂತ ಮೊದಲಿನ ಬಸ್ಸಿಗೆ ಹೋಗಿದ್ಳು.

ಗದ್ದಿಗಿ ಮುಂದ ಕಣ್ಣು ಮುಚ್ಚಿ ಕೈ ಮುಗದೆ. ಅಂಜಿಕಿ ಹೆಚ್ಚಾದ್ರ ನನಗ ಮನಸಿನಾಗ ಬೇಡಿಕೊಳ್ಳಾಕ ಬರಂಗಿಲ್ಲ, ಬಾಯಿಲೇ ಬರ್ತದ.

"ಅಪ್ಪಾ, ಈ ಪ್ರಯಾಣ ಒಂದು ತಪ್ಪಸು. ಓಣಿ ತುಂಬಾ ಐದು ಕಿಲೋ ಸಕ್ಕರಿ ಹಂಚ್ತೀನಿ."

ಕಂಬದ ಆ ಕಡಿಂದ, ಹೆಣಮಕ್ಕಳ ಸಾಲಿನಾಗಿಂದ, ಇನ್ನೊಂದು ದನಿ ಬಂತು.

"ಅಪ್ಪಾ, ನಂದು ಏಳು ಕಿಲೋ. ಹ್ಯಾಂಗರ ಮಾಡಿ ನಮ್ಮನಿಯವ್ರ ಮನಸು ತಿರುಗಸು."

ಆ ದನಿ ನನಗ ಮೂವತ್ತು ವರ್ಷದಿಂದ ಗೊತ್ತು. ಬಗ್ಗಿ ನೋಡಿದೆ. ಅಕಿನೂ ಬಗ್ಗಿ ನೋಡಿದ್ಳು. ಟ್ರೇನಿಂಗ್ ಮುಗೀತೇನು ಅಂತ ನಾನು ಕೇಳಲಿಲ್ಲ, ಟಿಕೆಟ್ ಸಿಕ್ತೇನ್ರಿ ಅಂತ ಅಕಿ ಕೇಳಲಿಲ್ಲ. ದಾಸೋಹಕ್ಕ ಬಾಜೂ ಬಾಜೂ ಕುಂತು ಉಂಡ್ವಿ. ಊಟದ ನಡುವ ಅಕಿ, ವಿಮಾನ ನೆನಸಿದ್ರ ನನಗ ಅನ್ನ ಇಳಿಯಂಗಿಲ್ಲರಿ, ನಿಮ್ಮ ಆಸೆ ಮುರೀಬಾರದು ಅಂತ ಸುಮ್ಮನಿದ್ದೆ ಅಂದ್ಳು. ನಾನು ಬೋನಾಳದ ಚಪ್ಪಲಿ ಕತಿ ಹೇಳಿದೆ. ಇಬ್ಬರೂ ನಕ್ಕು ನಕ್ಕು ನೆತ್ತಿಗೆ ಹತ್ತಿಸಿಕೊಂಡ್ವಿ. ತಿಂಗಳಿಂದ ಎದಿ ಮ್ಯಾಲಿದ್ದ ಬಂಡಿಗಲ್ಲು ಇಳದಂಗಾತು. ಅವತ್ತ ಎರಡು ಸಲ ಅನ್ನ ಹಾಕಿಸಿಕೊಂಡೆ.

ಆದ್ರ ಬಂದು ಕಾಲು ಬಿದ್ದ ಓಣಿಗೆ ಏನಂತ ಹೇಳೋದು ಅಂತ ಇಬ್ಬರಿಗೂ ತಿಳೀಲಿಲ್ಲ.

೭. ಸಕ್ಕರಿ

ಮರುದಿನ ಮುಂಜಾನಿ ಏಜೆಂಟನ ಫೋನ್ ಬಂತು. ಟೂರ್ ರದ್ದಾಗ್ಯದ, ಮಾಫ್ ಮಾಡ್ರಿ ಅಂದ. ಯಾಕಂತ ಕೇಳಿದ್ರ, ಆಫ್ ಸೀಜನ್ ನೋಡ್ರಿ, ನಿಮ್ಮಿಬ್ಬರನ್ನ ಬಿಟ್ರ ಮತ್ಯಾರೂ ಹೆಸರು ಕೊಟ್ಟಿಲ್ಲ ಅಂದ. ರಾಜಾ ರಾಣಿ ಅಂದದ್ದು ಖರೇನಾ ಹೇಳಿದ್ದ. ಭಾಳ ಬ್ಯಾಸರಾದವನಂಗ ಹೌದೇನಪಾ ಅಂತ ಫೋನ್ ಇಟ್ಟು, ಒಳಗ ಹೋಗಿ ಹೆಂಡ್ತಿ ಕೂಡ ಕುಂತು ಎರಡು ಕಪ್ ಚಾ ಕುಡದೆ. ನಾವಾಗಿ ಬಿಟ್ಟದ್ದಲ್ಲ, ಅವರಾ ರದ್ದು ಮಾಡ್ಯಾರ. ಮಾನಾನೂ ಉಳೀತು, ಜೀವಾನೂ ಉಳೀತು.

ಆಮ್ಯಾಲ ಹರಕಿ ನೆನಪಾತು. ಒಟ್ಟು ಹನ್ನೆರಡು ಕಿಲೋ ಸಕ್ಕರಿ, ಅದೂ ಓಣಿ ತುಂಬಾ ಹಂಚಬೇಕು. ಪ್ರಯಾಣ ತಪ್ಪಿದ ದಿನಾನ ಸಕ್ಕರಿ ಹಂಚಿದ್ರ ಮಂದಿ ಏನಂತ ತಿಳ್ಕೊತಾರ. ಹಂಚಲಿಲ್ಲಂದ್ರ ದೇವ್ರು ಏನಂತ ತಿಳ್ಕೊತಾನ. ಇಬ್ಬರೂ ಅಂಗಡಿಯಿಂದ ತಂದ ಸಕ್ಕರಿ ಚೀಲದ ಮುಂದ ಕೆನ್ನಿಗೆ ಕೈ ಹಚ್ಚಿ ಕುಂತಿದ್ವಿ. ಅಷ್ಟರಾಗ ಅವ್ವ ಬಂದು ಏನಾತು ಅಂದ್ಳು. ಅಂಡಮಾನ್ ರದ್ದಾತವ್ವಾ ಅಂದೆ. ಅಕಿ ದೇವರ ಜಗಲಿಗೆ ಕೈ ಮುಗದು, ದೊಡ್ಡ ಪರಾತದಾಗ ಸಕ್ಕರಿ ಸುರುವಿಕೊಂಡು, ಹಂಚಾಕ ನಾನಾ ಹೋಗ್ತೀನಿ ಅಂತ ಹೊಂಟಳು. ಚೀಲ ಹೊತ್ತುಕೊಂಡು ಹಿಂದ ನಾನು.

ಮನಿ ಮನಿಗೂ ಒಂದೊಂದು ಬೊಗಸಿ ಸಕ್ಕರಿ, ಮನಿ ಮನಿಗೂ ಅದಾ ಮಾತು.

"ನನ್ನ ಮಗನ ಕಾಳಾಪಾನಿ ಮಾಫ್ ಆತವ್ವಾ. ಸೊಸೀದೂ ಬಿಟ್ರು."

ನಾನು ತಿದ್ದಾಕ ಹೋಗದ ಪರಾತಕ್ಕ ಸಕ್ಕರಿ ಸುರುವಿಕೋತ ನಡದೆ. ಈ ಒಂದು ಸಲ ಸುದ್ದಿ ಬೆಳದು ನನ್ನ ಉಳಿಸಾಕತ್ತಿತ್ತು. ಓಣಿಯವ್ರು ನನ್ನ ಬೆನ್ನು ತಟ್ಟಿ, ಇನ್ನರ ಸುಮ್ಮನ ಇರಪಾ ಅಂತ ಬುದ್ಧಿ ಹೇಳಿ ಕಳಿಸಿದ್ರು.

ಕಡೀಗೆ ಗೋವಾದವನ ಮನಿ ಬಂತು. ಅವ ಬಾಗಲದಾಗ ಹಲ್ಲು ಕಿರಕೊಂಡು ನಿಂತಿದ್ದ, ನನ್ನ ಹಂಗಿಸಾಕ ಮಾತು ಬಾಯಾಗ ಇಟ್ಕೊಂಡು ನಿಂತಂಗಿತ್ತು. ಅವ್ವ ಅವನ ಎರಡೂ ಕೈ ತುಂಬಾ ಸಕ್ಕರಿ ಹಾಕಿದ್ಳು. ಆಮ್ಯಾಲ ಅವನ ತಲಿ ಮ್ಯಾಲ ಕೈ ಇಟ್ಟು ಮರುಕದಿಂದ ಅಂದ್ಳು:

"ನಿನ್ನೂ ಗೋವಾಕ್ಕ ಹಾಕಿದ್ರಂತಲ್ಲ ತಮ್ಮಾ. ಜಲ್ದಿ ಬಿಟ್ರು ಬಿಡು, ನಿಮ್ಮವ್ವನ ಪುಣ್ಯಾ."