ಇಡ್ಲಿ ತಿನ್ನದ ಮೊಸಳೆ

ನಮ್ಮ ಮನೆಯಲ್ಲಿ ಯಾರೂ ಡಿಗ್ರಿ ಮುಗಿಸಲಾರರು ಎಂದು ಖಡಾಖಂಡಿತವಾಗಿ ಹೇಳಿದವರು ನನ್ನ ದೊಡ್ಡಪ್ಪ. ಹೇಳುವ ಹಕ್ಕೂ ಅವರಿಗಿತ್ತು. ಏಳನೆಯ ತರಗತಿಯನ್ನು ಎರಡು ಸಲ ಓದಿ, ಸಾಕೆಂದು ಉಡುಪಿಯಿಂದ ವಡೋದರಾಕ್ಕೆ ಬಂದು ಮಂಜಲ್‌ಪುರದಲ್ಲಿ ಹೋಟೆಲ್ ಇಟ್ಟವರು. ನಾನು ಅಹಮದಾಬಾದಿನಲ್ಲಿ ಅನಿಮೇಶನ್ ಓದಲು ಹೊರಟಾಗ, "ಚಿತ್ರ ಬಿಡಿಸ್ಲಿಕ್ಕೆ ಕಾಲೇಜು ಯಾಕೆ ಮಾರಾಯ್ತಿ?" ಎಂದಿದ್ದರು.

ಕೊನೆಯ ವರ್ಷ ಒಂದು ಸಣ್ಣ ಚಿತ್ರ ಮಾಡಬೇಕಿತ್ತು. ಅದರ ಕತೆ ಒಪ್ಪಿಗೆಯಾಗದಿದ್ದರೆ ಡಿಗ್ರಿಯೂ ಇಲ್ಲ. ನಮ್ಮ ವಡೋದರಾದ ನದಿಯಲ್ಲಿ ಮೊಸಳೆಗಳಿವೆ, ಮಳೆ ಹೆಚ್ಚಾದರೆ ಬೀದಿಗೂ ಬರುತ್ತವೆ. ಅದನ್ನೇ ಹಿಡಿದೆ. ಮೊದಲ ಕರಡಿನಲ್ಲಿ ಮೊಸಳೆ ಎಲ್ಲರೊಡನೆ ಗರ್ಬಾ ಕುಣಿಯಿತು. "ಇದಕ್ಕೆ ಬೇಕಾದದ್ದೇನು?" ಎಂದು ಕೇಳಿದರು ನಮ್ಮ ಮೇಡಂ. ಎರಡನೆಯದರಲ್ಲಿ ಅದಕ್ಕೆ ರಾಜನಾಗಬೇಕಿತ್ತು. ಮೂರನೆಯದರಲ್ಲಿ, ಬೇಡವೆಂದವರನ್ನೆಲ್ಲ ಎದುರಿಸಿ ಕಾಲೇಜು ಸೇರಿತು. ಬರೆಯುವಾಗ ನನಗೆ ಅಳುವೇ ಬಂದಿತ್ತು. ಮೇಡಂ, "ಇದು ನೀನು. ಮೊಸಳೆ ಎಲ್ಲಿ?" ಎಂದರು.

ಬಿಡುವ ಜಾತಿ ನನ್ನದಲ್ಲ. ರಜೆಗೆ ಬಂದವಳು ಹಾಳೆಗಳನ್ನು ಹೋಟೆಲಿನ ಮೇಜಿನ ಮೇಲೆ ಹರಡಿದೆ. ದೊಡ್ಡಪ್ಪ ಬಗ್ಗಿ ನೋಡಿದರು. "ಆರು ಪುಟ ಆಯ್ತು, ಪಾಪ ಅದಕ್ಕೆ ಯಾರೂ ತಿನ್ಲಿಕ್ಕೆ ಎಂತದೂ ಕೊಡ್ಲೇ ಇಲ್ವಾ?" ನಮ್ಮದು ಶುದ್ಧ ಸಸ್ಯಾಹಾರಿ ಹೋಟೆಲು. ನಾಲ್ಕನೆಯ ಕರಡಿನಲ್ಲಿ ಮೊಸಳೆಗೆ ಇಡ್ಲಿ ಸಾಂಬಾರು ಬಡಿಸಿದೆ. ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು, ಒಪ್ಪಲಿಲ್ಲ. "ಇನ್ನೊಂದೇ ಅವಕಾಶ" ಎಂದರು.

ಹೋಟೆಲಿಗೆ ಹೋಗಿ ದೊಡ್ಡಪ್ಪನ ಮೇಲೆಯೇ ರೇಗಿದೆ. ಹೊರಗೆ ಜೋರು ಮಳೆ; ಬಾಗಿಲೊಳಗೆ ನಾಲ್ಕು ಜನ ಒದ್ದೆಯಾಗಿ ನಿಂತಿದ್ದರು. ಅವರು ಮೆನು ಕೇಳಿರಲಿಲ್ಲ, ದೊಡ್ಡಪ್ಪನೂ ಕೊಟ್ಟಿರಲಿಲ್ಲ. "ಮಳೆಗೆ ಒಳಗೆ ಬಂದವರೆಲ್ಲ ತಿನ್ಲಿಕ್ಕೆ ಬಂದವರಲ್ಲ ಮಾರಾಯ್ತಿ. ನೀರು ಇಳಿಯುವವರೆಗೆ ನಿಲ್ಲಲಿಕ್ಕೆ ಜಾಗ ಸಾಕು ಅವರಿಗೆ. ಏನು ಬೇಕು ಅಂತ ಕೇಳಿದ್ರೆ ಪಾಪ ನಾಚಿಕೊಂಡು ಚಾ ಹೇಳ್ತಾರೆ."

ಐದನೆಯ ಕರಡು ಒಂದೇ ದಿನದಲ್ಲಿ ಮುಗಿಯಿತು. ನೆರೆಯಲ್ಲಿ ಹೋಟೆಲಿಗೆ ನುಗ್ಗಿದ ಮೊಸಳೆ ಒಂದು ಮೂಲೆಯಲ್ಲಿ ನಿಲ್ಲುತ್ತದೆ. ಜನ ಕಿರುಚುತ್ತಾರೆ, ಓಡುತ್ತಾರೆ, ತಿಂಡಿ ಎಸೆಯುತ್ತಾರೆ. ಅದು ಬಾಗಿಲನ್ನೇ ನೋಡುತ್ತಿರುತ್ತದೆ. ನೀರಿಳಿದ ಮೇಲೆ ಹೊರಟುಹೋಗುತ್ತದೆ. ಮೇಡಂ ಸಹಿ ಹಾಕಿದರು.

ಪದವಿ ಪ್ರದಾನಕ್ಕೆ ದೊಡ್ಡಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಹಮದಾಬಾದಿಗೆ ಬಂದರು. ನಾನು ವೇದಿಕೆಯಿಂದ ಇಳಿದು ಬಂದು, ಗೆದ್ದವಳ ಠೀವಿಯಲ್ಲಿ ಪ್ರಮಾಣಪತ್ರವನ್ನು ಅವರ ಕೈಗಿತ್ತೆ. ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಾಲ್ಕು ಸಲ ತಿದ್ದಿಸಿಕೊಂಡದ್ದು ಮೊಸಳೆ, ಪಾಸಾದದ್ದು ನೀನು. ಇರ್ಲಿ, ನಮ್ಮ ಮನೆಯಿಂದ ಯಾರಾದ್ರೂ ಒಬ್ರು ಪಾಸಾದ್ರಲ್ಲ!"