ಷಡ್ಡಕನ ಹುಡ್ಡಿನ ಅಳತೆ

“ಬಪ್ಪ ಆದಿತ್ಯವಾರದೊಳಗ್ ನಮ್ ಪಿಕಪ್ಪಿಗ್ ಒಂದ್ ಹುಡ್ ಹಾಕ್ಸ್ತೆ. ಬೈಂದೂರಿಂದ ಬ್ರಹ್ಮಾವರದ್ವರಿಗೆ ಅಂಥಾ ಹುಡ್ ಯಾರ್ ಗಾಡಿಗೂ ಇಪ್ಕಾಗ! ಹಾಕ್ಸ್‌ದಿದ್ರೆ ನನ್ ಹೆಸ್ರ್ ಯೋಗೀಶ ಅಲ್ಲ!”

ಕೋಟದ ತನ್ನ ಮನೆಯ ಜಗಲಿಯಲ್ಲಿ ನಿಂತು ಯೋಗೀಶ ಹೀಗೆ ಭೀಷಣ ಪ್ರತಿಜ್ಞೆ ಮಾಡಿದಾಗ ಹೆಂಡತಿ ರಮಿತಾ ಅಕ್ಕಿ ಆರಿಸುತ್ತಿದ್ದಳು. ತಲೆ ಸಹ ಎತ್ತಲಿಲ್ಲ.

“ಹೆಸ್ರ್ ಬದ್ಲ್ ಮಾಡುದಾದ್ರೆ ಮೊದ್ಲೇ ಹೇಳಿ. ಆಧಾರ್ ಕಾರ್ಡಿಂದ ಹಿಡ್ದ್ ಎಲ್ಲ ಬದ್ಲ್ ಮಾಡ್ಸ್‌ಕ್.”

ಈ ಪ್ರತಿಜ್ಞೆಗೆ ಕಾರಣನಾದ ಮಹಾಪುರುಷನ ಹೆಸರು ರವಿರಾಜ. ಬೈಂದೂರಿನವನು. ರಮಿತಾಳ ಅಕ್ಕ ಸುಗುಣಳ ಗಂಡ. ಅಂದರೆ ಯೋಗೀಶನಿಗೆ ಷಡ್ಡಕ! ಇಬ್ಬರಿಗೂ ಒಬ್ಬರೇ ಅತ್ತೆ, ಇಬ್ಬರದೂ ಒಂದೇ ಕಂಪನಿಯ, ಒಂದೇ ಬಿಳಿ ಬಣ್ಣದ ಪಿಕಪ್. ಹೊಟ್ಟೆಕಿಚ್ಚು ಹೊತ್ತಿಕೊಳ್ಳಲು ಇನ್ನೆಷ್ಟು ಸೌದೆ ಬೇಕು?

ಅತ್ತೆ ಸೀತಮ್ಮ ಕುಂದಾಪುರದವರು. ಹಲಸಿನ ಹಪ್ಪಳ ಮಾಡಿ ಬ್ರಹ್ಮಾವರದ ಒಂದು ಅಂಗಡಿಗೆ ವಾರಕ್ಕೊಮ್ಮೆ ಮುಟ್ಟಿಸುತ್ತಿದ್ದರು. ಏಳು ವರ್ಷಗಳಿಂದ ಆ ಹಪ್ಪಳದ ಸಾರಥಿ ಯೋಗೀಶನೇ. ಹೋದ ತಿಂಗಳು ಏನಾಯಿತೆಂದರೆ, ಹಗ್ಗ ಬಿಗಿದು ಕಟ್ಟಿದ್ದ ಹಳೆಯ ಟರ್ಪಾಲು ಸಾಲಿಗ್ರಾಮದ ಹತ್ತಿರ ಗಾಳಿಗೆ ಎದ್ದು ಕುಣಿಯಿತು. ಮಳೆ ಒಳಗೆ ನುಗ್ಗಿತು. ಬ್ರಹ್ಮಾವರ ಮುಟ್ಟುವಷ್ಟರಲ್ಲಿ ಹಪ್ಪಳವೆಲ್ಲ ಮತ್ತೆ ಹಿಟ್ಟಾಗಿತ್ತು! “ಇದನ್ ಇನ್ನೊಂದ್ ಸಲ ಒತ್ತಿ, ಒಣ್ಗ್ಸಿ ತಕಂಡ್ ಬನಿ” ಎಂದು ಅಂಗಡಿಯವರು ಕೈಮುಗಿದರು.

ಸರಿಯಾಗಿ ಅದೇ ವಾರ ರವಿರಾಜ ತನ್ನ ಗಾಡಿಗೆ ಹುಡ್ ಹಾಕಿಸಬೇಕೇ! ಕಬ್ಬಿಣದ ಕಮಾನುಗಳ ಮೇಲೆ ಬಿಗಿದ ಹಸಿರು ಬಟ್ಟೆ, ಪಕ್ಕಕ್ಕೊಂದರಂತೆ ಎರಡು ಪ್ಲಾಸ್ಟಿಕ್ ಕಿಟಕಿ, ಹಿಂದೆ ಮೇಲಿನಿಂದ ಕೆಳಗಿನವರೆಗೆ ಜಿಪ್ಪು. ಹಪ್ಪಳದ ಸಾರಥ್ಯ ಬೈಂದೂರಿಗೆ ಹೋಯಿತು. ಅದರ ಜೊತೆ ಮರ್ಯಾದೆಯೂ ಹೋಯಿತು. ಅತ್ತೆಮನೆಯಲ್ಲಿ ಊಟಕ್ಕೆ ಕೂತಾಗ ರವಿರಾಜ “ಬೇಡ” ಅಂದರೂ ಎಲೆಗೆ ಇನ್ನೊಂದು ಸೌಟು ಬೀಳುತ್ತಿತ್ತು. ಯೋಗೀಶನನ್ನು ಮಾತ್ರ “ಬೇಕಾ?” ಎಂದು ಕೇಳುತ್ತಿದ್ದರು. ಇಂಥ ಸೂಕ್ಷ್ಮ ಅವನ ಕಣ್ಣು ತಪ್ಪುವುದುಂಟೇ?

ಗುರುವಾರ ಬೆಳಿಗ್ಗೆಯೇ ಯೋಗೀಶ ಕುಂದಾಪುರದ ಹುಡ್ ಹೊಲಿಯುವ ಚಂದುವಿನ ಅಂಗಡಿಯ ಎದುರು ಗಾಡಿ ನಿಲ್ಲಿಸಿದ.

“ಎಂಥಾ ಬಟ್ಟಿ ಹಾಕುದ್?” ಚಂದು ಎರಡು ತುಂಡು ತಂದು ಮುಂದಿಟ್ಟ. “ಈ ಕ್ಯಾನ್ವಾಸ್ ಗಟ್ಟಿ, ಆದ್ರೆ ಭಾರ. ಈ ರೆಕ್ಸಿನ್ ಹಗುರ, ಆದ್ರೆ ಬಿಸ್ಲಿಗ್ ಒಡೀತ್.”

“ರವಿರಾಜ ಯಾವ್ದ್ ಹಾಕ್ಸಿದ್ದ?”

“ಯಾರ್ ರವಿರಾಜ?”

“ನನ್ ಷಡ್ಡಕ! ಅವಂದಕ್ಕಿಂತ ಒಂದ್ ಪಟ್ಟ್ ಮೇಲಿಪ್ಪುದ್ ಹಾಕಿ.”

“ಎತ್ರ?”

“ಅವಂದಕ್ಕಿಂತ ಅರ್ಧ ಅಡಿ ಜಾಸ್ತಿ.”

“ಕಿಟ್ಕಿ?”

“ಅವಂದ್ ಎರಡ್. ನಂಗ್ ನಾಲ್ಕ್!”

“ಹ್ವಾಯ್, ಎಂತ ಲೋಡ್ ಮಾರಾಯ್ರೆ ನಿಮ್ದ್?”

“ಹಪ್ಪಳ.”

ಚಂದು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಕೆಳಗಿಟ್ಟ. “ಹಪ್ಪಳಕ್ ನಾಲ್ಕ್ ಕಿಟ್ಕಿ ಎಂತಕೆ? ಊರ್ ಕಾಣುಕಾ? ನಿಮ್ ಗಾಡಿ ಇಲ್ಲೇ ಇತ್ತಲೆ, ತಡೀನಿ, ಅಳ್ತಿ ತಕಂತೆ.”

“ಬೇಡ! ಅವಂದ್ರ ಅಳ್ತಿ ನಾನೇ ತತ್ತೆ!” ಯೋಗೀಶ ಚಂದುವಿನ ಕೈಯಿಂದ ಟೇಪು ಕಸಿದುಕೊಂಡು, ಗಾಡಿ ಅಲ್ಲೇ ಬಿಟ್ಟು ನಡೆದೇ ಹೊರಟುಬಿಟ್ಟ.

ಗುರುವಾರ ಹಪ್ಪಳ ಹೋಗುವ ದಿನ. ಅತ್ತೆಯ ಮನೆ ಅಲ್ಲಿಂದ ಎರಡೇ ಓಣಿ ಆಚೆ. ಅವನು ಎಣಿಸಿದಂತೆಯೇ ರವಿರಾಜನ ಪಿಕಪ್ಪು ಲೋಡಾಗಿ ಗೇಟಿನ ಹೊರಗೆ ನಿಂತಿತ್ತು. ಒಳಗಿನಿಂದ ದೋಸೆಯ ಪರಿಮಳವೂ ಷಡ್ಡಕನ ನಗುವೂ ಒಟ್ಟೊಟ್ಟಿಗೆ ಬರುತ್ತಿದ್ದವು. ‘ತಿನ್ನು, ತಿನ್ನು’ ಎಂದು ಮನಸ್ಸಿನಲ್ಲೇ ಹಲ್ಲು ಕಡಿದು ಯೋಗೀಶ ಅತ್ತಿತ್ತ ನೋಡಿದ. ಯಾರೂ ಇಲ್ಲ. ಜಿಪ್ಪು ಸರಿಸಿ ಒಳಗೆ ಹತ್ತಿದ.

ಹತ್ತಿದವನ ಹೊಟ್ಟೆ ಇನ್ನಷ್ಟು ಉರಿಯಿತು. ಹೊಲಿಗೆಯ ಮೇಲೆಲ್ಲ ನೀರು ಬಾರದಂತೆ ಪಟ್ಟಿ! ಮೂಲೆಯಲ್ಲಿ ಬಿಲ್ಲು ಇಡಲೊಂದು ಪುಟ್ಟ ಜೇಬು! ಹುಡ್ಡಿಗೂ ಜೇಬೇ? ತನ್ನ ಅಂಗಿಯ ಜೇಬೇ ಹರಿದು ಎರಡು ತಿಂಗಳಾಗಿತ್ತು! ಉದ್ದ ಅಳೆದ. ಅಗಲ ಅಳೆದ. ಎತ್ತರ ಅಳೆಯಲು ಬಗ್ಗಿದಾಗ ಹಿಂದಿನಿಂದ ರವಿರಾಜನ ದನಿ ಕೇಳಿ ಮೂಲೆಯ ಕತ್ತಲಿಗೆ ಮುದುಡಿದ.

“ಅತ್ತೆ, ಜಿಪ್ಪ್ ಹಾಕುಕೇ ಮರ್ತಿದ್ದೆ ಕಾಣಿ!”

ಸರ್ರ್! ಜಿಪ್ಪು ಕೆಳಗಿಳಿಯಿತು. ಟಕ್, ಟಕ್! ಹೊರಗಿನ ಬೆಲ್ಟುಗಳೆರಡೂ ಬಿದ್ದವು. ಯೋಗೀಶ ಒಳಗಿನಿಂದ ತಡಕಾಡಿದ. ಜಿಪ್ಪಿನ ಹಿಡಿ ಇದ್ದದ್ದು ಹೊರಗೆ ಮಾತ್ರ! ಅತ್ತೆ ಮುಂದಿನ ಸೀಟಿನಲ್ಲಿ ಕೂತದ್ದೂ ಆಯಿತು, ಗಾಡಿ ಹೊರಟದ್ದೂ ಆಯಿತು.

ಕೂಗಬಹುದಿತ್ತು. ಆದರೆ ಏನೆಂದು ಕೂಗುವುದು? ‘ಷಡ್ಡಕರೇ, ನಿಮ್ಮ ಮೇಲಿನ ಹೊಟ್ಟೆಕಿಚ್ಚಿನಿಂದ ನಿಮ್ಮ ಗಾಡಿಯಲ್ಲಿ ಸಿಕ್ಕಿಬಿದ್ದಿದ್ದೇನೆ’ ಎಂದೇ? ಬ್ರಹ್ಮಾವರದಲ್ಲಿ ಜಿಪ್ಪು ತೆರೆದಾಗ ಹೇಗಾದರೂ ಜಾರಿಕೊಂಡರಾಯಿತು ಎಂದುಕೊಂಡು ಬಾಯಿ ಮುಚ್ಚಿ ಕೂತ.

ಹೆದ್ದಾರಿ ಹಿಡಿಯುತ್ತಲೇ ಮಳೆ ಸುರಿಯಿತು. ಅದೆಂಥ ಮಳೆ! ಯೋಗೀಶ ತಲೆ ಎತ್ತಿ ಹೊಲಿಗೆ ಹೊಲಿಗೆಯನ್ನೂ ಹುಡುಕಿದ. ‘ದೇವರೇ, ಒಂದೇ ಒಂದು ಹನಿ ಸೋರಲಿ! ಇಷ್ಟು ದೂರ ಬಂದದ್ದಕ್ಕೆ ಅಷ್ಟಾದರೂ ಸಮಾಧಾನ ಕೊಡು!’ ಒಂದು ಹನಿಯೂ ಸೋರಲಿಲ್ಲ. ಗಾಡಿ ಹೊಂಡಕ್ಕೆ ಇಳಿದಾಗ ಹಾರಿ ಬಿದ್ದವನಿಗೆ ಬಟ್ಟೆ ಸುತ್ತಿದ ಕಟ್ಟುಗಳು ಸಿಕ್ಕವು. ಮೆತ್ತಗಿದ್ದವು. ಅವುಗಳ ಮೇಲೆಯೇ ಕೂತ. ಪ್ರತಿ ಹೊಂಡಕ್ಕೂ ಕೆಳಗಿನಿಂದ ‘ಕುರುಂ’ ಎನ್ನುವ ಸದ್ದು ಬರುತ್ತಿತ್ತು. ಗಾಡಿಯ ಸ್ಪ್ರಿಂಗಿನ ಪಾಟಾ ಮುರಿದಿರಬೇಕು ಎಂದುಕೊಂಡು ಅವನಿಗೆ ಒಳಗೊಳಗೇ ಖುಷಿಯಾಯಿತು.

ಮಳೆ ನಿಂತಿತು. ಸ್ವಲ್ಪ ಹೊತ್ತಿಗೆ ಗಾಡಿಯೂ ನಿಂತಿತು. ಕಿಟಕಿಯಲ್ಲಿ ಇಣುಕಿದರೆ ಎದುರಿಗೆ ತನ್ನದೇ ಮನೆ!

“ರಮಿತಾ, ಗಂಡ ಎಲ್ಲಿ?” ಅತ್ತೆಯ ದನಿ.

“ಕುಂದಾಪ್ರಕ್ ಹೋಯ್ರ್ ಅಮ್ಮ. ಹುಡ್ ಹಾಕ್ಸುಕೆ.”

ಈಗ ರವಿರಾಜ ಏನಾದರೂ ಚುಚ್ಚುತ್ತಾನೆ ಎಂದು ಯೋಗೀಶ ಕಿವಿಯನ್ನು ಬಟ್ಟೆಗೆ ಆನಿಸಿದ.

“ಒಳ್ಳೇದಾಯ್ತ್ ರಮಿತಾ! ಇನ್ ಹಪ್ಪಳ ಯೋಗೀಶನೇ ತಕಂಡ್ ಹೋಗ್ಲಿ. ಬೈಂದೂರಿಂದ ಓಡಾಡಿ ನಂಗೂ ಸಾಕಾಯ್ತ್.”

“ನಾನೂ ಅದೇ ಎಣ್ಸ್ತಿದ್ದೆ,” ಎಂದರು ಅತ್ತೆ. “ಅವ್ರ್ ಜೋಪಾನದ್ ಮನ್ಷ. ಅವತ್ತ್ ಟರ್ಪಾಲ್ ಹಾರ್ದ್ರೆ ಅವ್ರ್ ಎಂತ ಮಾಡುಕಾತ್ತ್?”

ಯೋಗೀಶನ ಕಣ್ಣು ಒದ್ದೆಯಾಯಿತು. ಗೆದ್ದಿದ್ದ! ಹುಡ್ಡಿನ ಒಂದು ಹೊಲಿಗೆಯೂ ಬೀಳುವ ಮೊದಲೇ ಗೆದ್ದಿದ್ದ! ಇನ್ನು ಉಸಿರು ಬಿಗಿಹಿಡಿದು ಕೂತರೆ ಸಾಕು.

“ಈಗ್ಲೇ ಫೋನ್ ಮಾಡಿ ಅವ್ರಿಗ್ ಹೇಳ್ತೆ!” ರಮಿತಾ ಖುಷಿಯಿಂದ ಅಂದಳು.

ಹುಡ್ಡಿನೊಳಗೆ ಯೋಗೀಶನ ಫೋನು ಚಂಡೆ ಮದ್ದಳೆ ಬಾರಿಸತೊಡಗಿತು.

ಬೆಲ್ಟು ಬಿಚ್ಚಿತು. ಜಿಪ್ಪು ಮೇಲೇರಿತು. ಮೂರು ಮುಖಗಳು ಒಳಗೆ ನೋಡಿದವು. ಹಪ್ಪಳದ ನಡುವೆ, ಕೊರಳಿಗೆ ಟೇಪು ಸುತ್ತಿಕೊಂಡು, ಜೋಪಾನದ ಮನುಷ್ಯ ಕೂತಿದ್ದ.

“ಯೋಗೀಶ! ಒಳ್ಗ್ ಎಂತ ಮಾಡ್ತಿದ್ದೆ ಮಾರಾಯ?”

“ಅಳ್ತಿ... ಅಳ್ತಿ ತಕಂತಿದ್ದೆ ರವಿಯಣ್ಣ.”

“ಕುಂದಾಪ್ರದಿಂದ ಕೋಟದ್ವರಿಗೂ?”

ಯೋಗೀಶ ಎದ್ದ. ಕುರುಂ! ಅತ್ತೆ ಧಾವಿಸಿ ಬಂದು ಅವನ ಆಸನದ ಗಂಟು ಬಿಚ್ಚಿದರು. ಒಳಗೆ ಹಪ್ಪಳ ಒಂದೂ ಇರಲಿಲ್ಲ, ಇದ್ದದ್ದು ಹಪ್ಪಳದ ಪುಡಿ. ಎರಡನೆಯ ಗಂಟಿನಲ್ಲೂ ಅದೇ. ಅತ್ತೆ ಒಂದು ಚಿಟಿಕೆ ಕೈಗೆ ತೆಗೆದುಕೊಂಡು ನಿಧಾನವಾಗಿ ಹೇಳಿದರು:

“ಮಳಿಗಾದ್ರೆ ಹುಡ್ ಹಾಕುಲಕ್ಕ್. ಅಳಿಯಂಗ್ ಎಂತ ಹಾಕುದ್?”

ಇಷ್ಟರ ಮೇಲೆ ರವಿರಾಜ ಮಾಡಿದ್ದು ಇನ್ನೂ ಘೋರ. ಅವನು ನಗಲಿಲ್ಲ! ಗಾಡಿಯ ಮುಂದಿನಿಂದ ಒಂದು ಚೀಟಿ ತಂದು ಕೈಗಿತ್ತ. ಬಟ್ಟೆ, ಉದ್ದ, ಅಗಲ, ಎತ್ತರ ಎಲ್ಲವೂ ಅದರಲ್ಲಿತ್ತು. “ಕೇಳಿದ್ರೆ ನಾನೇ ಕೊಡ್ತಿದ್ನಲೆ,” ಎಂದ ಪ್ರೀತಿಯಿಂದ. ಯೋಗೀಶ ಚೀಟಿ ನೋಡಿದ. ಅಕ್ಷರವೂ ಮುತ್ತಿನಂತಿತ್ತು. ಹಾಳಾದವನದು!

ಮರುದಿನ ಗಂಡ ಹೆಂಡತಿ ಬಸ್ಸಿನಲ್ಲಿ ಕುಂದಾಪುರಕ್ಕೆ ಹೋದರು. ಯೋಗೀಶನ ಪಿಕಪ್ಪು ಚಂದುವಿನ ಅಂಗಡಿಯೆದುರು ಅನಾಥವಾಗಿ ನಿಂತೇ ಇತ್ತು. ಅದರ ಅಳತೆಯನ್ನು ಚಂದು ಬೇರೊಂದು ಟೇಪು ತಂದು ಐದೇ ನಿಮಿಷದಲ್ಲಿ ತೆಗೆದಿಟ್ಟಿದ್ದ. ಈ ಸಲ ಯೋಗೀಶ ಹೆಂಡತಿಯ ಹಿಂದೆ ನಿಂತ. ಆರಿಸಿದ್ದೆಲ್ಲ ರಮಿತಾ. ಗಟ್ಟಿ ಕ್ಯಾನ್ವಾಸು, ಬೂದು ಬಣ್ಣ, ಕಿಟಕಿ ಒಂದೇ.

“ಜಿಪ್ಪ್ ಮಾಮೂಲಿನಂಗೇ ಹೊರ್ಗಿಂದ ಸಾಕಲ್ದಾ?” ಚಂದು ಬರೆದುಕೊಳ್ಳುತ್ತ ಕೇಳಿದ.

“ಬೇಡ ಚಂದಣ್ಣ, ಒಳ್ಗಿಂದೂ ತೆಗುಕ್ ಆಪಂಗ್ ಮಾಡಿ,” ಎಂದಳು ರಮಿತಾ.

“ಒಳ್ಗಿಂದ ಯಾರ್ ತೆಗುದ್ ಮಾರಾಯ್ರೆ? ಲೋಡಾ?”

ರಮಿತಾ ಗಂಡನ ಕಡೆ ಒಮ್ಮೆ ನೋಡಿದಳು.

“ಹೌದ್. ನಮ್ ಲೋಡಿಗ್ ಕೈಕಾಲ್ ಇತ್ತ್!”