ವಸ್ತ್ರದ ಮೇಲೆ ಸ್ವಾಮಿ, ವಸ್ತ್ರದ ಕೆಳಗೆ ಬೆರಳು

ಬಾಯಿದ್ದವನು ಬರದಲ್ಲೂ ಬದುಕುತ್ತಾನೆ ಎಂದು ನಂಬಿದವನು ನಾನು. ಒಂದು ಹಗ್ಗ ಹಿಡಿದು ಎತ್ತಿನ ವ್ಯಾಪಾರಕ್ಕಿಳಿದು, ಮಾತಿನ ಬಲದಿಂದಲೇ ಇಬ್ರಾಹಿಂಪುರದಲ್ಲಿ ಮನೆ ಕಟ್ಟಿದವನು. ಹಾಗಾಗಿ ನಮ್ಮ ಪಾದ್ರಿಗಳು, “ಉಪದೇಶ ಮಾಡಬ್ಯಾಡ್ರಿ, ಯಾರೂ ನಿಂತು ಕೇಳೂದಿಲ್ಲ. ದಿನಾ ಆಡೋ ಮಾತಿನ್ಯಾಗ ಯೇಸುಸ್ವಾಮಿ ಸುದ್ದಿ ತಗೀರಿ” ಎಂದಾಗ, ಈ ಕೆಲಸಕ್ಕೆ ನನಗಿಂತ ತಕ್ಕವನು ಆಗಿನ ವಿಜಾಪುರದಲ್ಲೇ ಇಲ್ಲ ಎನಿಸಿತು.

ನಯಾ ಪೈಸೆ ಇನ್ನೂ ಹೊಸದಾಗಿದ್ದ ಕಾಲ. ತಿಕೋಟಾದ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹೆಗಲ ವಸ್ತ್ರವನ್ನು ಕೈಮೇಲೆ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದೇ ಚೌಕಾಸಿ. ಬಾಯಿಗೆ ಕೆಲಸವೇ ಇಲ್ಲ! ಗಿರಾಕಿಯ ಬೆರಳು ನನ್ನ ಮುಷ್ಟಿಯಲ್ಲಿದ್ದಾಗ ಅವನು ಓಡಿಯಾದರೂ ಎಲ್ಲಿಗೆ ಹೋದಾನು?

ಮೊದಲು ಸಿಕ್ಕವನು ಮಮದಾಪುರದ ರೈತ ಮಲ್ಲಪ್ಪ. ನನ್ನ ಬಳಿ ಇದ್ದದ್ದು ಒಂದು ಬಿಳಿ ಎತ್ತು. ನೋಡಲು ರಾಜ, ಆದರೆ ಹೊತ್ತು ನೆತ್ತಿಗೆ ಬಂತೆಂದರೆ ನೊಗದಲ್ಲೇ ಕೂತುಬಿಡುವ ಮಹಾರಾಯ. ಅದಕ್ಕೇ ಬೆಳಿಗ್ಗೆಯೇ ಮಾರಲು ನಿಂತಿದ್ದೆ. ಕೆಳಗೆ ಬೆರಳು ಬೆಲೆ ಏರಿಸುತ್ತಿತ್ತು. ಮೇಲೆ ಬಾಯಿ, ನಮ್ಮ ಸ್ವಾಮಿ ಎಷ್ಟು ಸತ್ಯವಂತ ಎಂದು ಬಣ್ಣಿಸುತ್ತಿತ್ತು.

“ಸಾವಕಾರ್ರ, ನಿಮ್ಮ ಬಾಯಾಗ ಯೇಸುಸ್ವಾಮಿ ಅದಾನ್ರಿ, ಖರೆ. ಬೆರಳಿನ್ಯಾಗ ಯಾರ್ ಅದಾರ?” ಎಂದ ಮಲ್ಲಪ್ಪ.

ಸುತ್ತ ನಿಂತವರು ಹೋ ಎಂದು ನಕ್ಕರು. ಅವನು ನಗಲಿಲ್ಲ. “ನನ್ನ ಜೋಡಿನ್ಯಾಗ ಒಂದ್ ಎತ್ತು ಸತ್ತೈತ್ರಿ. ಬಿತ್ತಿಗಿ ತಲಿ ಮ್ಯಾಲ ಬಂದೈತಿ. ನಿಮ್ಮ ಸ್ವಾಮಿ ಇಲ್ಲೇ ನಿಂತು ಕೇಳಾಕತ್ತಾನಂತ ತಿಳದು ಹೇಳ್ರಿ, ಇದಕ್ಕೇನರ ಐಬು ಐತೇನು?”

ವಸ್ತ್ರದೊಳಗೆ ನನ್ನ ಬೆರಳು ಬೆಲೆ ಏರಿಸುವುದನ್ನು ನಿಲ್ಲಿಸಿತು. “ಮಧ್ಯಾಹ್ನದ ತನಕ ಹುಲಿ ಐತಿ” ಎಂದೆ.

“ಆಮ್ಯಾಲ?”

“ಆಮ್ಯಾಲ... ಕುಂದರತೈತಿ.”

“ಉಳಿಸಿದ್ರಿ ಯಪ್ಪಾ” ಎಂದು ಅವನು ಕೈ ತೆಗೆದು ಬೇರೆಯವರ ಎತ್ತಿನ ಕಡೆ ನಡೆದ. ಮರಳಿ ಬಂದ ಎತ್ತನ್ನು ಕಂಡು ನನ್ನ ಹೆಂಡತಿ ರೂತಮ್ಮ, “ಸ್ವಾಮಿ ಸುದ್ದಿ ಹೇಳ್ರಿ ಅಂದ್ರ, ಎತ್ತಿನ ಐಬು ಹೇಳಿ ಬಂದೀರಲ್ರೀ!” ಎಂದಳು.

ಮುಂದಿನ ಸಂತೆಗೆ ಮಲ್ಲಪ್ಪ ಬಬಲೇಶ್ವರದ ಇಬ್ಬರನ್ನು ಕರೆತಂದ. “ಇವರ ವಸ್ತ್ರದಾಗ ಕೈ ಹಾಕೂ ಮೊದಲ ಯೇಸುಸ್ವಾಮಿ ಹೆಸರ ತಗೋರಿ. ಐಬು ತಾನಾಗೇ ಹೊರಗ ಬರತಾವ!” ಎಂದು ನನ್ನನ್ನು ತೋರಿಸಿದ. ಕ್ರಮೇಣ ಸಂತೆಯ ಗಿರಾಕಿಗಳೆಲ್ಲ ಆ ಹೆಸರು ಹೇಳಿಯೇ ಕೈ ಚಾಚತೊಡಗಿದರು. ಪಾದ್ರಿಗಳಿಗೆ ಪರಮಾನಂದ. ನಾನು ಕಾರಣ ಹೇಳಲಿಲ್ಲ.

ಈಗಿನವರಿಗೆ ನನ್ನ ಬುದ್ಧಿಮಾತು: ದೇವರ ಮಾತು ಆಡುವುದಿದ್ದರೆ ಎತ್ತು ಮಾರಿದ ಮೇಲೆ ಆಡಿ. ಈ ಉಪಾಯ ನನಗೆ ಅಂದೇ ಹೊಳೆದಿತ್ತು. ಆದರೆ ಮಲ್ಲಪ್ಪ ಪ್ರತಿ ಸಂತೆಗೂ ನಸುಕಿನಲ್ಲೇ ಬಂದು, ಬೇವಿನ ಮರದಡಿ ನನ್ನ ಪಕ್ಕ ಕೂತುಬಿಡುತ್ತಿದ್ದ. ರೊಟ್ಟಿ ಬುತ್ತಿ ಬಿಚ್ಚಿ ನನಗೂ ಕೊಡುತ್ತಿದ್ದ. ಎಬ್ಬಿಸಿದರೂ ಏಳುತ್ತಿರಲಿಲ್ಲ, ಥೇಟು ಆ ಬಿಳಿ ಎತ್ತಿನಂತೆ.

ಅವನು ತೀರಿಹೋಗಿ ಎಷ್ಟೋ ವರ್ಷವಾಯಿತು. ಪಕ್ಕದ ಜಾಗ ಖಾಲಿ. ಇನ್ನು ಯಾರ ಹೆದರಿಕೆ ಎಂದುಕೊಂಡು ಮೊನ್ನೆ ಹಳೆಯ ಮಂಚ ಮಾರಲು ಕೂತೆ. ಕೊಳ್ಳುವವನು ಬಾಯಿ ತೆರೆಯುವ ಮೊದಲೇ, “ಇದರ ಒಂದು ಕಾಲು ಅಲ್ಲಾಡತೈತ್ರಿ” ಎಂದುಬಿಟ್ಟೆ.